ಉಬ್ಬಸದ ಕಟಕಟೆಯಲ್ಲಿ ಇಯೊಸಿನೊಫಿಲ್

ಅಲರ್ಜಿಯ ಉಬ್ಬಸ ತೀವ್ರವಾದವರಿಗೆ ಈಗ ಇನ್‌ಹೇಲರ್ ಜೊತೆಗೆ ಇಂಜೆಕ್ಷನ್‌ಗಳೂ ಇವೆ. ಒಂದು ಐಜಿಇ ಎಂಬ ಪ್ರತಿಕಾಯವನ್ನು ತಡೆಯುತ್ತದೆ, ಇನ್ನೊಂದು ಐಎಲ್-5 ಎಂಬ ಸಂಕೇತ ಪ್ರೋಟೀನನ್ನು, ಮತ್ತೊಂದು ಶ್ವಾಸನಾಳದ ಒಳಪದರ ಹೊರಡಿಸುವ ಟಿಎಸ್ಎಲ್‌ಪಿಯನ್ನು. ಒಂದೇ ಕಾಯಿಲೆಗೆ ಇಷ್ಟು ಗುರಿಗಳೇಕೆ ಎಂದು ರೋಗಿ ಕೇಳಿದರೆ ಆಶ್ಚರ್ಯವಿಲ್ಲ.

ಜರ್ಮನಿಯ ಪಾಲ್ ಎರ್ಲಿಶ್ 1879ರಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣವನ್ನು ಗುರುತಿಸಿದರು. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಸಂಶೋಧಕರು ಐಜಿಇಯನ್ನು ಪತ್ತೆಹಚ್ಚಿದರು. 1986ರಲ್ಲಿ ಇಲಿಗಳ ಸಹಾಯಕ ಟಿ ಕೋಶಗಳಲ್ಲಿ (ರೋಗನಿರೋಧಕ ಪ್ರತಿಕ್ರಿಯೆಯನ್ನು ನಿರ್ದೇಶಿಸುವ ಬಿಳಿ ರಕ್ತಕಣಗಳು) ಟಿಎಚ್1, ಟಿಎಚ್2 ಎಂಬ ಎರಡು ಬಗೆ ಇರುವುದು ತಿಳಿಯಿತು. ಅಲ್ಲಿಗೆ ಚಿತ್ರ ಪೂರ್ಣವಾದಂತೆ ಕಂಡಿತು. ಪರಾಗವೋ ಧೂಳಿನ ನುಸಿಯ ಕಣವೋ ಒಳಹೊಕ್ಕಾಗ ಅಂಗಾಂಶದಲ್ಲಿ ಕಾವಲಿರುವ ಮಾಸ್ಟ್ ಕೋಶದ ಮೇಲಿನ ಐಜಿಇ ಅದನ್ನು ಹಿಡಿಯುತ್ತದೆ. ಕೋಶ ಹಿಸ್ಟಮಿನ್ ಸುರಿದು ಕೆಲವೇ ನಿಮಿಷಗಳಲ್ಲಿ ಶ್ವಾಸನಾಳ ಬಿಗಿಯುತ್ತದೆ. ಗಂಟೆಗಳ ನಂತರ ಎರಡನೆಯ ಅಲೆ ಏಳುತ್ತದೆ. ಆಗ ಟಿಎಚ್2 ಕೋಶಗಳ ಐಎಲ್-5ಗೆ ಓಗೊಟ್ಟ ಇಯೊಸಿನೊಫಿಲ್‌ಗಳು ಶ್ವಾಸನಾಳದಲ್ಲಿ ಜಮಾಯಿಸುತ್ತವೆ. ಅಪರಾಧ ನಡೆದ ಜಾಗದಲ್ಲಿ ಸದಾ ಸಿಕ್ಕಿಬೀಳುವವನೇ ಅಪರಾಧಿ ಎಂದು ಬಹುಮಂದಿ ತೀರ್ಮಾನಿಸಿದರು.

2000ದಲ್ಲಿ ಆ ತೀರ್ಮಾನ ಪರೀಕ್ಷೆಗೆ ಒಳಪಟ್ಟಿತು. ಸೌಮ್ಯ ಉಬ್ಬಸದ 24 ಜನರ ಒಂದು ಪ್ರಯೋಗದಲ್ಲಿ ಐಎಲ್-5 ತಡೆಯುವ ಔಷಧ ಕೊಟ್ಟಾಗ ರಕ್ತದಲ್ಲಿಯೂ ಕಫದಲ್ಲಿಯೂ ಇಯೊಸಿನೊಫಿಲ್ ಕುಸಿಯಿತು. ಆದರೆ ಎರಡನೆಯ ಅಲೆ ನಿಲ್ಲಲಿಲ್ಲ, ಶ್ವಾಸನಾಳದ ಅತಿಸೂಕ್ಷ್ಮತೆಯೂ ತಗ್ಗಲಿಲ್ಲ. ಕಣಕ್ಕೆ ಖುಲಾಸೆ ಸಿಕ್ಕಿತು. 2003ರ ಅಂಗಾಂಶ ಪರೀಕ್ಷೆ ಬೇರೆಯದನ್ನೇ ಹೇಳುತ್ತಿತ್ತು: ಔಷಧ ಪಡೆದವರ ರಕ್ತದಿಂದ ಬಹುಪಾಲು ಮಾಯವಾದ ಕಣಗಳು ಶ್ವಾಸನಾಳದ ಭಿತ್ತಿಯಲ್ಲಿ ಸುಮಾರು ಅರ್ಧದಷ್ಟು ಹಾಗೆಯೇ ಉಳಿದಿದ್ದವು. ಆದರೂ 2007ರಲ್ಲಿ 362 ಜನರ ದೊಡ್ಡ ಪ್ರಯೋಗ ಪುನಃ ಬರಿಗೈಯಲ್ಲಿ ಮುಗಿದಾಗ ಔಷಧದ ಮೇಲಿನ ಭರವಸೆ ಬತ್ತಿತು.

ಆ ಪ್ರಯೋಗಗಳು ಸೇರಿಸಿಕೊಂಡದ್ದು ‘ಉಬ್ಬಸ ಇರುವವರನ್ನು’. ಇಯೊಸಿನೊಫಿಲ್‌ನಿಂದಲೇ ನರಳುತ್ತಿರುವವರು ಯಾರು ಎಂದು ಮೊದಲು ವಿಂಗಡಿಸಿರಲಿಲ್ಲ. ಕಫದಲ್ಲಿ ಕೋಶ ಎಣಿಸುವುದು ಬೇಸರದ ಕೆಲಸ, ನಿಜ. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್ ತಂಡಗಳು ಅದನ್ನೇ ಮಾಡಿದವು. ಸ್ಟೀರಾಯ್ಡ್ ತೆಗೆದುಕೊಂಡರೂ ಕಣಗಳು ಹೆಚ್ಚೇ ಇದ್ದವರನ್ನು ಆರಿಸಿ, ಅದೇ ಔಷಧ ಕೊಟ್ಟವು. ಲೆಸ್ಟರ್‌ನ 61 ರೋಗಿಗಳಲ್ಲಿ ತೀವ್ರ ಉಲ್ಬಣ ಔಷಧ ಪಡೆಯದವರಲ್ಲಿ ವರ್ಷಕ್ಕೆ ಸರಾಸರಿ 3.4 ಇದ್ದರೆ ಔಷಧ ಪಡೆದವರಲ್ಲಿ 2 ಇತ್ತು. ಊದುವ ಪರೀಕ್ಷೆಯ ಅಂಕಿಗಳು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಅಂದರೆ ಈ ಕಣ ದಿನನಿತ್ಯದ ಬಿಗಿತಕ್ಕಿಂತ ಆಸ್ಪತ್ರೆಗೆ ಓಡಿಸುವ ಉಲ್ಬಣಗಳಲ್ಲಿ ಹೆಚ್ಚು ಪಾಲುದಾರ. ಹಿಂದಿನ ಪ್ರಯೋಗಗಳು ಅಳೆದದ್ದು ಹೆಚ್ಚಾಗಿ ಮೊದಲನೆಯದನ್ನೇ. 2015ರಲ್ಲಿ ಅಮೆರಿಕ ಈ ಔಷಧಕ್ಕೆ ಅನುಮತಿ ನೀಡಿತು.

ಅದಕ್ಕೂ ಮೊದಲೇ, 2010ರಲ್ಲಿ, ಇನ್ನೊಂದು ಎಳೆ ಸೇರಿಕೊಂಡಿತ್ತು: ಟಿ ಕೋಶಗಳ ನೆರವಿಲ್ಲದೆಯೇ ಐಎಲ್-5 ಸ್ರವಿಸುವ, ಈಗ ಐಎಲ್‌ಸಿ2 ಎಂದು ಕರೆಯುವ ಕೋಶಗಳು. ಇಯೊಸಿನೊಫಿಲ್ ಏರಲು ಅಲರ್ಜಿಯೇ ಬೇಕೆಂದಿಲ್ಲ ಎಂಬುದಕ್ಕೆ ಇದರಿಂದ ವಿವರಣೆ ಸಿಕ್ಕಿತು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಸಾಧಾರಣ ರಕ್ತಪರೀಕ್ಷೆಯಲ್ಲಿ ಈ ಕಣದ ಸಂಖ್ಯೆ ತಿಳಿಯುತ್ತದೆ, ಆದರೆ ಹೊಟ್ಟೆಯ ಹುಳುವೂ ಅದನ್ನು ಏರಿಸುತ್ತದೆ. ಆನೆಕಾಲು ರೋಗದ ಹುಳುವಿಗೆ ಕೆಲವರ ದೇಹ ಅತಿಯಾಗಿ ಪ್ರತಿಕ್ರಿಯಿಸಿದಾಗ ರಾತ್ರಿ ಕೆಮ್ಮು, ಉಬ್ಬಸ ಬಂದು ಕಣದ ಎಣಿಕೆ ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ 3,000 ದಾಟುವುದುಂಟು. ಕರ್ನಾಟಕದ ಕರಾವಳಿಗೂ ಕಲಬುರಗಿ ಭಾಗಕ್ಕೂ ಆ ಹುಳು ಹೊಸದಲ್ಲ. ವರದಿಯ ಅಂಕಿಯನ್ನಷ್ಟೇ ನೋಡಿದರೆ ಅದು ಅಲರ್ಜಿಯ ಉಬ್ಬಸದಂತೆಯೇ ಕಾಣುತ್ತದೆ. ಆದರೆ ಹುಳುವಿನಿಂದ ಬಂದ ಈ ಕಾಯಿಲೆಗೆ ರೂಢಿಯ ಚಿಕಿತ್ಸೆ ಸುಮಾರು ಮೂರು ವಾರಗಳ ಡಿಇಸಿ ಎಂಬ ಹುಳುನಾಶಕ ಮಾತ್ರೆ.