ಪತ್ರಕ್ಕೆ ಉತ್ತರ ಕೊಡದ ಆಡಿಟರ್: ಸಿಎ ಶಿಸ್ತು ನಿಯಮಗಳ ಅಧ್ಯಯನ ಟಿಪ್ಪಣಿ

ಸಿಎ ಫೈನಲ್‌ನಲ್ಲಿ ಎಥಿಕ್ಸ್ ಅಂದ ತಕ್ಷಣ ನಾವೆಲ್ಲ ಸಿಎ ಕಾಯಿದೆಯ ಷೆಡ್ಯೂಲ್, ಪಾರ್ಟ್, ಕ್ಲಾಜ್ ನಂಬರ್‌ಗಳನ್ನು ಉರು ಹೊಡೆಯಲು ಕೂರುತ್ತೇವೆ. ಜಾಹೀರಾತು ಕೊಡಬಾರದು, ಫೀಸಿನಲ್ಲಿ ಹೊರಗಿನವರಿಗೆ ಪಾಲು ಕೊಡಬಾರದು, ಹಿಂದಿನ ಆಡಿಟರ್‌ಗೆ ಪತ್ರ ಬರೆಯದೆ ಕೆಲಸ ಒಪ್ಪಿಕೊಳ್ಳಬಾರದು. ಇವೆಲ್ಲ ನಾಲಿಗೆ ತುದಿಯಲ್ಲೇ ಇರುತ್ತವೆ. ಆದರೆ ಮೊದಲ ಷೆಡ್ಯೂಲ್‌ನ ಮೂರನೇ ಪಾರ್ಟ್, ಎರಡನೇ ಕ್ಲಾಜ್ ಬಂದರೆ ಮೈಸೂರಿನ ನಮ್ಮ ಓದುವ ಗುಂಪಿನಲ್ಲೂ ಅರ್ಧ ಜನ ಸುಮ್ನೆ ಪುಟ ತಿರುವುತ್ತಾರೆ. ಈ ಟಿಪ್ಪಣಿ ಪೂರ್ತಿ ಅದರ ಸುತ್ತಲೇ ಇದೆ.

ಆ ಕ್ಲಾಜ್ ಹೇಳುವುದು ಇಷ್ಟು. ಸಿಎಗಳ ಇನ್‌ಸ್ಟಿಟ್ಯೂಟ್ (ಐಸಿಎಐ), ಕೌನ್ಸಿಲ್, ಅದರ ಯಾವುದೇ ಸಮಿತಿ, ದೂರುಗಳನ್ನು ಮೊದಲು ನೋಡುವ ಡೈರೆಕ್ಟರ್ ಡಿಸಿಪ್ಲಿನ್, ಬೋರ್ಡ್ ಆಫ್ ಡಿಸಿಪ್ಲಿನ್, ಡಿಸಿಪ್ಲಿನರಿ ಕಮಿಟಿ, ಕ್ವಾಲಿಟಿ ರಿವ್ಯೂ ಬೋರ್ಡ್, ಮೇಲ್ಮನವಿ ಪ್ರಾಧಿಕಾರ: ಇವರಲ್ಲಿ ಯಾರೇ ಮಾಹಿತಿ ಕೇಳಿದರೂ ಕೊಡದಿದ್ದರೆ, ಹೇಳಿದ್ದನ್ನು ಪಾಲಿಸದಿದ್ದರೆ, ಅದೇ ಒಂದು ವೃತ್ತಿ ದುರ್ನಡತೆ. ಮೂರನೇ ಪಾರ್ಟ್ ಪ್ರಾಕ್ಟೀಸ್ ಮಾಡುವವರಿಗೆ ಮಾತ್ರ ಸೀಮಿತ ಅಲ್ಲ. ಕಂಪನಿಯಲ್ಲಿ ಕೆಲಸಕ್ಕಿರುವ ಸಿಎ, ಮನೆಯಲ್ಲಿ ಕೂತಿರುವ ಸಿಎ, ಎಲ್ಲ ಸದಸ್ಯರೂ ಅದರೊಳಗೆ ಬರುತ್ತಾರೆ.

ಇದು ಬೇರೆ ಕ್ಲಾಜ್‌ಗಳ ಹಾಗಲ್ಲ. ಎರಡನೇ ಷೆಡ್ಯೂಲ್ ಮೊದಲ ಪಾರ್ಟ್‌ನ ಏಳನೇ ಕ್ಲಾಜ್ ತಗೊಳ್ಳಿ, ಅಂದರೆ ಕೆಲಸದಲ್ಲಿ ತೀರಾ ನಿರ್ಲಕ್ಷ್ಯ. ಅದನ್ನು ಸಾಬೀತು ಮಾಡಲು ವರ್ಕಿಂಗ್ ಪೇಪರ್ (ಆಡಿಟ್ ಮಾಡುವಾಗ ಬರೆದಿಟ್ಟ ದಾಖಲೆ) ಬೇಕು, ಆಡಿಟಿಂಗ್ ಸ್ಟ್ಯಾಂಡರ್ಡ್ ಬೇಕು, ಎರಡೂ ಕಡೆಯ ವಾದ ಬೇಕು. ನಿರ್ಲಕ್ಷ್ಯ ಎಲ್ಲಿ ಮುಗಿದು ತೀರಾ ನಿರ್ಲಕ್ಷ್ಯ ಎಲ್ಲಿ ಶುರುವಾಗುತ್ತದೆ ಅನ್ನುವುದರ ಮೇಲೇ ದಿನಗಟ್ಟಲೆ ಜಗ್ಗಾಡಬಹುದು. ಉತ್ತರ ಕೊಡದಿದ್ದದ್ದಕ್ಕೆ ಎರಡೇ ಸಂಗತಿ ಸಾಕು: ಪತ್ರ ತಲುಪಿದ ದಾಖಲೆ ಇದೆ, ಉತ್ತರ ಇಲ್ಲ. ಗೆಲ್ಲಬಹುದಾಗಿದ್ದ ಕೇಸಿನ ಪಕ್ಕದಲ್ಲೇ ಗೆಲ್ಲಲಾಗದ ಇನ್ನೊಂದು ಕೇಸನ್ನು ಆಡಿಟರ್ ತಾನೇ ಹುಟ್ಟಿಸಿಕೊಂಡಂತೆ ಆಯಿತು.

ಒಂದು ದೂರು ಹೇಗೆ ಸಾಗುತ್ತದೆ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮಂಡ್ಯದಲ್ಲಿ ಒಂದು ರೈಸ್ ಮಿಲ್. ಮಾಲೀಕರಿಗೂ ಅವರ ಆಡಿಟರ್‌ಗೂ ಫೀಸಿನ ವಿಷಯದಲ್ಲಿ ಜಗಳ. ಎರಡು ವರ್ಷದ ಬಾಕಿ ಕೊಡಿ ಅಂತ ಆಡಿಟರ್, ನನ್ನ ಲೆಕ್ಕದ ಪುಸ್ತಕ ವಾಪಸ್ ಕೊಡಿ ಅಂತ ಮಾಲೀಕರು. ಕೊನೆಗೆ ಮಾಲೀಕರು ಇನ್‌ಸ್ಟಿಟ್ಯೂಟ್‌ಗೆ ನಿಗದಿತ ನಮೂನೆಯಲ್ಲಿ, ಶುಲ್ಕ ಕಟ್ಟಿ ದೂರು ಕೊಟ್ಟರು. ಪುಸ್ತಕ ಕೊಟ್ಟಿಲ್ಲ ಅನ್ನುವುದರ ಜೊತೆಗೆ, ಸ್ಟಾಕ್ ನೋಡದೆ ಸಹಿ ಹಾಕಿದ್ದಾರೆ ಅಂತಲೂ ಸೇರಿಸಿದರು.

ಇಲ್ಲಿಂದ 2007ರ ತನಿಖಾ ನಿಯಮಗಳು ಶುರು. ಡೈರೆಕ್ಟರ್ ದೂರಿನ ಪ್ರತಿಯನ್ನು ಆಡಿಟರ್‌ಗೆ ಕಳಿಸುತ್ತಾರೆ. ಅದು ಕೈಗೆ ಬಂದ 21 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕೇಳಿಕೊಂಡರೆ ಹೆಚ್ಚೆಂದರೆ ಇನ್ನೂ 30 ದಿನ ಸಿಗಬಹುದು. ಕೊಡಲೇಬೇಕು ಅಂತೇನಿಲ್ಲ, ಅದು ಡೈರೆಕ್ಟರ್ ವಿವೇಚನೆ. ಆಮೇಲೆ ದೂರುದಾರರಿಗೆ ಮರುಉತ್ತರದ ಅವಕಾಶ. ಎಲ್ಲ ನೋಡಿ ಡೈರೆಕ್ಟರ್ ಮೇಲ್ನೋಟದ ಅಭಿಪ್ರಾಯ ಬರೆಯುತ್ತಾರೆ. ಇದನ್ನೇ ನಾವು ಪ್ರೈಮಾ ಫೇಸಿ ಒಪೀನಿಯನ್ ಅಂತ ಓದುವುದು.

ದಿನಾಂಕ ಹಾಕಿ ನೋಡಿದರೆ ಇದರ ಬಿಸಿ ತಟ್ಟುತ್ತದೆ. ಪತ್ರ ಮಾರ್ಚ್ 3ಕ್ಕೆ ಆಫೀಸಿಗೆ ಬಂತು ಅಂದುಕೊಳ್ಳಿ. 21 ದಿನ ಅಂದರೆ ಮಾರ್ಚ್ 24. ಪೂರ್ತಿ 30 ದಿನ ಹೆಚ್ಚಿಗೆ ಸಿಕ್ಕರೂ ಏಪ್ರಿಲ್ 23. ಈ ಅವಧಿಯಲ್ಲಿ ಯಾವ ಆಡಿಟ್ ಆಫೀಸಿನಲ್ಲಿ ಯಾರು ಕೂತಿರುತ್ತಾರೆ ಹೇಳಿ? ಮಾರ್ಚ್ ಕೊನೆಗೆ ಇಯರ್ ಎಂಡಿಂಗ್ ಗಲಾಟೆ. ಏಪ್ರಿಲ್ ಶುರುವಾದರೆ ಬ್ಯಾಂಕ್ ಬ್ರಾಂಚ್ ಆಡಿಟ್, ಬೆಳಿಗ್ಗೆ ಎದ್ದು ನಾಗಮಂಗಲಕ್ಕೋ ಮಳವಳ್ಳಿಗೋ ಬಸ್ ಹತ್ತುವ ಕಾಲ. ದೂರಿನ ಕವರ್ ಟೇಬಲ್ ಮೇಲೆ ಫೈಲುಗಳ ಅಡಿಗೆ ಸೇರುತ್ತದೆ. "ಫೀಸೇ ಕೊಟ್ಟಿಲ್ಲ, ಮೇಲೆ ದೂರು ಬೇರೆ" ಅಂತ ಸಿಟ್ಟೂ ಇರುತ್ತದೆ. ಏಪ್ರಿಲ್ ಮುಗಿದು ಉಸಿರು ಬಿಡುವ ಹೊತ್ತಿಗೆ ಗಡುವು ದಾಟಿ ಹೋಗಿದೆ.

ಆರ್ಟಿಕಲ್‌ಗಳಿಗೆ, ಅಂದರೆ ಆಡಿಟ್ ಆಫೀಸಿನಲ್ಲಿ ತರಬೇತಿಯಲ್ಲಿರುವ ವಿದ್ಯಾರ್ಥಿಗಳಿಗೆ, ಇಲ್ಲೊಂದು ಕಿವಿಮಾತು. ಸ್ಪೀಡ್ ಪೋಸ್ಟ್ ಬಂದಾಗ ಪೋಸ್ಟ್‌ಮ್ಯಾನ್ ಮುಂದೆ ಸಹಿ ಹಾಕುವುದು ಸಾಮಾನ್ಯವಾಗಿ ನಾವೇ ಅಲ್ವಾ? ಆ ಸಹಿಯಿಂದಲೇ ದಿನ ಎಣಿಕೆ ಶುರು. ಕವರ್ ಮೇಲೆ ಇನ್‌ವರ್ಡ್ ಸೀಲ್, ದಿನಾಂಕ, ರಿಜಿಸ್ಟರ್‌ನಲ್ಲಿ ಒಂದು ಸಾಲು, ಸರ್ ಫೋನಿಗೆ ಒಂದು ಮೆಸೇಜ್. ಎರಡು ನಿಮಿಷದ ಕೆಲಸ. ಇನ್ನು "ಸರ್ ಇಲ್ಲ, ವಾಪಸ್ ತಗೊಂಡು ಹೋಗಿ" ಅಂತ ಕವರ್ ನಿರಾಕರಿಸಿದರೆ ಬಚಾವ್ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ಮರೆತುಬಿಡಿ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ತೆಗೆದುಕೊಳ್ಳದೆ ನಿರಾಕರಿಸಿದರೆ ಅದು ತಲುಪಿದಂತೆಯೇ ಲೆಕ್ಕ.

ಉತ್ತರ ಬಾರದಿದ್ದರೆ ಫೈಲ್ ಅಲ್ಲಿಗೇ ನಿಲ್ಲುವುದಿಲ್ಲ. ಇರುವ ಕಾಗದಗಳ ಮೇಲೆಯೇ ಡೈರೆಕ್ಟರ್ ಮುಂದುವರಿಯುತ್ತಾರೆ. ಇರುವ ಕಾಗದ ಅಂದರೆ ಆ ಹೊತ್ತಿಗೆ ದೂರುದಾರರದು ಮಾತ್ರ. ವಿಚಾರಣೆಗೂ ಹೋಗದಿದ್ದರೆ ಎಕ್ಸ್ ಪಾರ್ಟಿ, ಅಂದರೆ ಆಡಿಟರ್ ಗೈರಿನಲ್ಲೇ ತೀರ್ಮಾನ. ಸಿಎ ಕಾಯಿದೆಯ 21ಸಿ ಸೆಕ್ಷನ್ ಪ್ರಕಾರ ಡೈರೆಕ್ಟರ್, ಬೋರ್ಡ್, ಕಮಿಟಿಗೆ ಸಿವಿಲ್ ಕೋರ್ಟಿನ ಕೆಲವು ಅಧಿಕಾರಗಳೂ ಇವೆ: ಸಮನ್ಸ್ ಕೊಟ್ಟು ಕರೆಸುವುದು, ಪ್ರಮಾಣ ಮಾಡಿಸಿ ವಿಚಾರಿಸುವುದು, ದಾಖಲೆ ಹಾಜರುಪಡಿಸಲು ಹೇಳುವುದು, ಅಫಿಡವಿಟ್ ಮೇಲೆ ಸಾಕ್ಷ್ಯ ಪಡೆಯುವುದು.

ನಮ್ಮ ಉದಾಹರಣೆಗೆ ಬರೋಣ. ಆಡಿಟರ್ ಹತ್ತಿರ ಒಳ್ಳೆಯ ಉತ್ತರವೇ ಇತ್ತು ಅನ್ನಿ. ಸ್ಟಾಕ್ ಎಣಿಕೆಯ ದಿನ ಮಿಲ್ಲಿಗೆ ಹೋಗಿದ್ದರು, ಭತ್ತದ ಚೀಲಗಳ ಲೆಕ್ಕದ ಹಾಳೆ ಫೈಲಿನಲ್ಲಿತ್ತು, ಮಿಲ್ ಮೇಲ್ವಿಚಾರಕರ ಸಹಿಯೂ ಇತ್ತು. ಆ ಒಂದು ಹಾಳೆ ಕಳಿಸಿದ್ದರೆ ನಿರ್ಲಕ್ಷ್ಯದ ಆರೋಪ ಮೇಲ್ನೋಟದ ಹಂತದಲ್ಲೇ ಬಿದ್ದುಹೋಗುವ ಸಾಧ್ಯತೆ ಇತ್ತು. ಕಳಿಸಲಿಲ್ಲ. ಈಗ ಅದು ಬೀರುವಿನಲ್ಲಿದೆ, ಆರೋಪ ದೆಹಲಿಯಲ್ಲಿದೆ.

"ರಾಜಿ ಆಯ್ತು ಬಿಡಿ" ಅನ್ನುವವರಿಗೆ

ನಮ್ಮ ಕಡೆ ಇದು ಜಾಸ್ತಿ ಕೇಳಿಬರುವ ಮಾತು. ಯಾರೋ ಹಿರಿಯರು ನಡುವೆ ಬಂದು ಮಾತಾಡಿಸಿದರು, ಫೀಸಿನ ಬಾಕಿ ತೀರಿತು, ಪುಸ್ತಕ ವಾಪಸ್ ಹೋಯಿತು, ದೂರು ಹಿಂದಕ್ಕೆ ತಗೊಳ್ಳುತ್ತೇನೆ ಅಂದರು ಮಾಲೀಕರು. ಅಲ್ಲಿಗೆ ಮುಗಿಯಿತೇ? ಇಲ್ಲ. 21ನೇ ಸೆಕ್ಷನ್‌ನ 5ನೇ ಉಪವಿಭಾಗ ನೋಡಿ. ದೂರುದಾರರು ಹಿಂದೆ ಸರಿದರೂ ಡೈರೆಕ್ಟರ್ ಅದನ್ನು ಬೋರ್ಡ್ ಆಫ್ ಡಿಸಿಪ್ಲಿನ್ ಅಥವಾ, ಕೇಸ್ ಅಲ್ಲಿದ್ದರೆ, ಡಿಸಿಪ್ಲಿನರಿ ಕಮಿಟಿ ಮುಂದೆ ಇಡಬೇಕು. ಸಂದರ್ಭ ನೋಡಿ ಒಪ್ಪುವುದು ಬಿಡುವುದು ಆ ಬೋರ್ಡಿಗೆ ಅಥವಾ ಕಮಿಟಿಗೆ ಸೇರಿದ್ದು. ದೂರು ಒಮ್ಮೆ ದಾಖಲಾದ ಮೇಲೆ ಅದು ಇಬ್ಬರ ಖಾಸಗಿ ಜಗಳ ಅಲ್ಲ, ಸದಸ್ಯನ ನಡತೆಯ ಪ್ರಶ್ನೆ. ಇದು ಸರಿಯಾಗಿಯೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ದುಡ್ಡಿರುವವರ ದೂರುಗಳೆಲ್ಲ ಕಾಫಿ ಕುಡಿಯುವಷ್ಟರಲ್ಲಿ ಮಾಯವಾಗುತ್ತಿದ್ದವು.

ಇನ್ನೊಂದು ನೆಪ: ಕ್ಲೈಂಟ್ ಮಾಹಿತಿ ಗುಟ್ಟಿನದು, ಕೊಡೋ ಹಾಗಿಲ್ಲ. ಗುಟ್ಟು ಕಾಯುವ ನಿಯಮ ಇರುವುದು ಎರಡನೇ ಷೆಡ್ಯೂಲ್ ಮೊದಲ ಪಾರ್ಟ್‌ನ ಒಂದನೇ ಕ್ಲಾಜ್‌ನಲ್ಲಿ. ಅದನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಸಿಗುತ್ತದೆ. ಕ್ಲೈಂಟ್ ಒಪ್ಪಿಗೆ ಇದ್ದರೆ ಕೊಡಬಹುದು, ಜಾರಿಯಲ್ಲಿರುವ ಕಾನೂನು ಕೇಳಿದರೂ ಕೊಡಬಹುದು. ಶಿಸ್ತು ಪ್ರಾಧಿಕಾರ ಕಾಯಿದೆಯ ಬಲದಿಂದ ಕೇಳಿದಾಗ ಈ ನೆಪ ನಿಲ್ಲುವುದಿಲ್ಲ.

ಫೈಲ್ ನಿಜಕ್ಕೂ ಕಳೆದಿದ್ದರೆ? ಆಫೀಸ್ ಬದಲಾಯಿಸುವಾಗ ಹೋಯಿತು, ಮಳೆನೀರು ನುಗ್ಗಿ ಹಾಳಾಯಿತು. ಹಾಗಿದ್ದರೆ ಹಾಗೆಂದೇ ಬರೆದು ಕೊಡಬೇಕು. ಆಡಿಟ್ ಗುಣಮಟ್ಟದ ಮಾನದಂಡ ಎಸ್‌ಕ್ಯೂಸಿ 1 ಪ್ರಕಾರ ಆಡಿಟ್ ಫೈಲನ್ನು ಸಾಮಾನ್ಯವಾಗಿ 7 ವರ್ಷ ಇಟ್ಟುಕೊಳ್ಳಬೇಕು, ಹಾಗಾಗಿ ಕಳೆದುಹೋಗಿದ್ದಕ್ಕೆ ಪ್ರತ್ಯೇಕ ಪ್ರಶ್ನೆ ಬರಬಹುದು. ಆದರೂ ಬರೆದು ತಿಳಿಸಿದವರ ಮೇಲೆ ಉತ್ತರವನ್ನೇ ಕೊಡಲಿಲ್ಲ ಅನ್ನುವ ಆರೋಪ ಹೊರಿಸುವುದು ಕಷ್ಟ.

ಇಲ್ಲೇ ಪರೀಕ್ಷೆಗೆ ಬರುವ ಒಂದು ಸೂಕ್ಷ್ಮ ಇದೆ. ಹೆದರಿಕೊಂಡು ಏನೋ ಒಂದು ಕಥೆ ಕಟ್ಟಿ ಕಳಿಸಿದರೆ ಏನಾಗುತ್ತದೆ? ಇನ್‌ಸ್ಟಿಟ್ಯೂಟ್‌ಗೆ ಕೊಡುವ ಮಾಹಿತಿಯಲ್ಲಿ ಸುಳ್ಳು ಅಂತ ಗೊತ್ತಿದ್ದೂ ಬರೆಯುವುದು ಎರಡನೇ ಷೆಡ್ಯೂಲ್, ಎರಡನೇ ಪಾರ್ಟ್, ಮೂರನೇ ಕ್ಲಾಜ್. ಉತ್ತರ ಕೊಡದಿದ್ದದ್ದು ಮೊದಲ ಷೆಡ್ಯೂಲ್ ತಪ್ಪು, ಸುಳ್ಳು ಉತ್ತರ ಎರಡನೇ ಷೆಡ್ಯೂಲ್ ತಪ್ಪು. ಅಂದರೆ ಬಾಯಿ ಮುಚ್ಚಿ ಕೂತವನಿಗಿಂತ ಸುಳ್ಳು ಹೇಳಿದವನನ್ನು ಕಾಯಿದೆ ದೊಡ್ಡ ತಪ್ಪಿತಸ್ಥ ಅಂತ ನೋಡುತ್ತದೆ. ಕ್ಲಾಜ್ ನಂಬರ್ ಮರೆತರೂ ಈ ಏಣಿ ನೆನಪಿದ್ದರೆ ಷೆಡ್ಯೂಲ್ ಯಾವುದು ಅಂತ ಊಹಿಸಬಹುದು.

ಶಿಕ್ಷೆ

ಮೊದಲ ಷೆಡ್ಯೂಲ್ ತಪ್ಪು ಮಾತ್ರ ಇದ್ದರೆ ಬೋರ್ಡ್ ಆಫ್ ಡಿಸಿಪ್ಲಿನ್ ಮುಂದೆ. ಎರಡನೇ ಷೆಡ್ಯೂಲ್ ತಪ್ಪು ಅಥವಾ ಎರಡೂ ಇದ್ದರೆ ಡಿಸಿಪ್ಲಿನರಿ ಕಮಿಟಿ ಮುಂದೆ. ರೈಸ್ ಮಿಲ್ ಕೇಸಿನಲ್ಲಿ ನಿರ್ಲಕ್ಷ್ಯದ ಆರೋಪ ಇರುವುದರಿಂದ ಉತ್ತರ ಕೊಡದ ಆರೋಪವೂ ಅದರ ಜೊತೆಗೆ ಕಮಿಟಿಗೇ ಹೋಗಬಹುದು.

2006ರ ತಿದ್ದುಪಡಿಯ ಪ್ರಕಾರ ಬೋರ್ಡ್ ಛೀಮಾರಿ ಹಾಕಬಹುದು, 3 ತಿಂಗಳವರೆಗೆ ಸದಸ್ಯರ ರಿಜಿಸ್ಟರ್‌ನಿಂದ ಹೆಸರು ತೆಗೆಯಬಹುದು, 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಕಮಿಟಿ ಛೀಮಾರಿ ಹಾಕಬಹುದು, ಎಷ್ಟು ಕಾಲ ಬೇಕಾದರೂ ಅಥವಾ ಶಾಶ್ವತವಾಗಿಯೇ ಹೆಸರು ತೆಗೆಯಬಹುದು, 5 ಲಕ್ಷದವರೆಗೆ ದಂಡ ಹಾಕಬಹುದು. 2022ರ ತಿದ್ದುಪಡಿ ಕಾಯಿದೆ ಈ ಮಿತಿಗಳನ್ನು ಬೋರ್ಡಿಗೆ 6 ತಿಂಗಳು ಮತ್ತು 2 ಲಕ್ಷಕ್ಕೆ, ಕಮಿಟಿಯ ದಂಡವನ್ನು 10 ಲಕ್ಷಕ್ಕೆ ಏರಿಸುತ್ತದೆ, ಫರ್ಮ್‌ಗಳನ್ನೂ ಶಿಸ್ತಿನೊಳಗೆ ತರುತ್ತದೆ. ಆ ಕಾಯಿದೆಯ ಸೆಕ್ಷನ್‌ಗಳು ಜಾರಿಗೆ ಬರುವುದು ಸರ್ಕಾರದ ಅಧಿಸೂಚನೆಯ ಮೂಲಕ. ಹಾಗಾಗಿ ಉತ್ತರ ಬರೆಯುವಾಗ ನಿಮ್ಮ ಅಟೆಂಪ್ಟ್‌ಗೆ ಅನ್ವಯಿಸುವ ಸ್ಟಡಿ ಮೆಟೀರಿಯಲ್‌ನ ಅಂಕಿಗಳನ್ನೇ ಹಾಕಿ.

ದಂಡ ಕಟ್ಟಿ ಮರೆಯಬಹುದು, ಹೆಸರು ತೆಗೆಯುವುದು ಹಾಗಲ್ಲ. ಹೆಸರು ರಿಜಿಸ್ಟರ್‌ನಲ್ಲಿ ಇಲ್ಲದ ದಿನಗಳಲ್ಲಿ ಆತ ಸಿಎ ಅಂತ ಹೇಳಿಕೊಳ್ಳುವ ಹಾಗಿಲ್ಲ. ಯುಡಿಐಎನ್, ಅಂದರೆ ಸಹಿ ಹಾಕಿದ ಪ್ರತಿ ದಾಖಲೆಗೂ ಬೇಕಾದ ಗುರುತಿನ ಸಂಖ್ಯೆ, ಹುಟ್ಟಿಸಲು ಆಗುವುದಿಲ್ಲ. 2019ರಲ್ಲಿ ಹಂತ ಹಂತವಾಗಿ ಸರ್ಟಿಫಿಕೇಟ್, ಟ್ಯಾಕ್ಸ್ ಆಡಿಟ್, ಉಳಿದ ಆಡಿಟ್ ವರದಿ ಎಲ್ಲಕ್ಕೂ ಈ 18 ಅಂಕಿ ಕಡ್ಡಾಯ ಆಗಿರುವಾಗ, ಅದಿಲ್ಲದ ಸಹಿಯನ್ನು ಬ್ಯಾಂಕಿನವರು ಒಪ್ಪುವುದಿಲ್ಲ. ಆದಾಯ ತೆರಿಗೆ ಕಡೆಯೂ ಹೊಡೆತ ಬೀಳುತ್ತದೆ. 1961ರ ಕಾಯಿದೆಯ 288ನೇ ಸೆಕ್ಷನ್ ಪ್ರಕಾರ, ವೃತ್ತಿ ದುರ್ನಡತೆಗೆ ಶಿಸ್ತು ಪ್ರಾಧಿಕಾರ ಹೊರಡಿಸಿದ ಆದೇಶ ತೆರಿಗೆ ಅಧಿಕಾರಿಗಳ ಮುಂದೆ ಹಾಜರಾಗುವ ಹಕ್ಕಿಗೂ ಅನ್ವಯಿಸುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ 3 ತಿಂಗಳು ಹೆಸರಿಲ್ಲದಿದ್ದರೆ ಒಬ್ಬರೇ ನಡೆಸುವ ಆಫೀಸು ಏನಾಗಬಹುದು ಅಂತ ನಿಮಗೇ ಗೊತ್ತು.

ಮೇಲ್ಮನವಿಗೆ 22ಜಿ ಸೆಕ್ಷನ್ ಇದೆ, ಆದೇಶ ತಿಳಿದ 90 ದಿನದೊಳಗೆ. ಆದರೆ ಪ್ರಾಧಿಕಾರ ಶಿಕ್ಷೆಯನ್ನು ಇಳಿಸುವ ಹಾಗೆ ಏರಿಸಲೂಬಹುದು. ಇದನ್ನು ಬರೆಯಲು ಬಹಳ ಜನ ಮರೆಯುತ್ತಾರೆ.

ಎನ್‌ಎಫ್‌ಆರ್‌ಎ

2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಸುಳ್ಳು ಲೆಕ್ಕದ ಹಗರಣ ಹೊರಬಿದ್ದ ಮೇಲೆ, ಸಿಎಗಳ ತಪ್ಪನ್ನು ಸಿಎಗಳೇ ನೋಡಿಕೊಂಡರೆ ಸಾಕೇ ಅನ್ನುವ ಪ್ರಶ್ನೆ ಜೋರಾಯಿತು. 2013ರ ಕಂಪನಿ ಕಾಯಿದೆಯ 132ನೇ ಸೆಕ್ಷನ್‌ನಡಿ ಎನ್‌ಎಫ್‌ಆರ್‌ಎ (ನ್ಯಾಷನಲ್ ಫೈನಾನ್ಷಿಯಲ್ ರಿಪೋರ್ಟಿಂಗ್ ಅಥಾರಿಟಿ) ಬಂತು, 2018ರ ಅಕ್ಟೋಬರ್ 1ರಂದು. ಲಿಸ್ಟೆಡ್ ಕಂಪನಿಗಳು, ದೊಡ್ಡ ಪಬ್ಲಿಕ್ ಕಂಪನಿಗಳು, ಬ್ಯಾಂಕಿಂಗ್, ವಿಮೆ, ವಿದ್ಯುತ್ ಕಂಪನಿಗಳು ಅದರ ವ್ಯಾಪ್ತಿ. ಅದು ಒಂದು ವಿಷಯ ಕೈಗೆತ್ತಿಕೊಂಡರೆ ಇನ್‌ಸ್ಟಿಟ್ಯೂಟ್ ಅದೇ ವಿಷಯದಲ್ಲಿ ಮುಂದುವರಿಯುವ ಹಾಗಿಲ್ಲ.

ಇಲ್ಲಿ ದಂಡ ಫೀಸಿಗೆ ಅಂಟಿಕೊಂಡಿದೆ. ವ್ಯಕ್ತಿಗೆ ಕನಿಷ್ಠ 1 ಲಕ್ಷ, ಪಡೆದ ಫೀಸಿನ 5 ಪಟ್ಟುವರೆಗೆ. ಫರ್ಮ್‌ಗೆ ಕನಿಷ್ಠ 5 ಲಕ್ಷ, 10 ಪಟ್ಟುವರೆಗೆ. ಜೊತೆಗೆ 6 ತಿಂಗಳಿಂದ 10 ವರ್ಷದವರೆಗೆ ಆಡಿಟ್ ಕೆಲಸದಿಂದ ದೂರ ಇಡಬಹುದು. ಮೇಲ್ಮನವಿ ಎನ್‌ಸಿಎಲ್‌ಎಟಿಗೆ, ಅಂದರೆ ಕಂಪನಿ ಕಾನೂನಿನ ಮೇಲ್ಮನವಿ ನ್ಯಾಯಮಂಡಳಿಗೆ.

ಇದೆಲ್ಲ ಬೆಂಗಳೂರು, ಮುಂಬೈ ಫರ್ಮ್‌ಗಳ ತಲೆನೋವು ಅಂತ ನಮ್ಮ ಗುಂಪಿನಲ್ಲಿ ವಾದ ಇತ್ತು. ಗೃಹಸಾಲ ಕಂಪನಿ ದೀವಾನ್ ಹೌಸಿಂಗ್‌ನ ಪ್ರಕರಣ ನೋಡಿದ ಮೇಲೆ ಆ ವಾದ ತಣ್ಣಗಾಯಿತು. 2023ರಲ್ಲಿ ಎನ್‌ಎಫ್‌ಆರ್‌ಎ ಅದರ ಶಾಖೆಗಳ ಆಡಿಟ್ ಮಾಡಿದ್ದ ಹಲವರ ಮೇಲೆ ಆದೇಶ ಹೊರಡಿಸಿತು. ಊರಿನ ಶಾಖೆಯೊಂದರ ಸಣ್ಣ ಕೆಲಸ ಅಂತ ಒಪ್ಪಿಕೊಂಡರೂ ಮೇಲಿರುವುದು ಲಿಸ್ಟೆಡ್ ಕಂಪನಿ ಆದರೆ ಪತ್ರ ದೆಹಲಿಯಿಂದಲೇ ಬರುತ್ತದೆ, ಆಡಿಟ್ ಫೈಲ್ ಕಳಿಸಿ ಅಂತ.

ಬಿಡಿಸಿ ನೋಡಲು ಒಂದು ಪ್ರಶ್ನೆ

ಸರಸ್ವತಿಪುರಂನಲ್ಲಿ ಪ್ರಾಕ್ಟೀಸ್ ಮಾಡುವ ಸಿಎ 'ಕ' ಮೇಲೆ, ಹಿಂದಿನ ಆಡಿಟರ್‌ಗೆ ಪತ್ರ ಬರೆಯದೆ ಆಡಿಟ್ ಒಪ್ಪಿಕೊಂಡರು ಅಂತ ದೂರು. ಡೈರೆಕ್ಟರ್ ಕಳಿಸಿದ ಕವರನ್ನು ಆಫೀಸಿನವರು ನಿರಾಕರಿಸಿದರು. ಮೂರು ತಿಂಗಳ ನಂತರ 'ಕ' ಒಂದು ಉತ್ತರ ಕಳಿಸಿದರು, ಜೊತೆಗೆ ಹಿಂದಿನ ಆಡಿಟರ್‌ಗೆ ಬರೆದ ಪತ್ರ ಅಂತ ಒಂದು ಪ್ರತಿ. ಆ ಪ್ರತಿಯನ್ನು ದೂರು ಬಂದ ಮೇಲೆ ತಯಾರಿಸಿ ಹಳೆ ದಿನಾಂಕ ಹಾಕಿದ್ದರು. ಅಷ್ಟರಲ್ಲಿ ದೂರುದಾರರು ದೂರು ಹಿಂದಕ್ಕೆ ಪಡೆಯುವುದಾಗಿ ಬರೆದುಕೊಟ್ಟರು. ಯಾವ ಯಾವ ಕ್ಲಾಜ್, ಯಾರ ಮುಂದೆ ವಿಚಾರಣೆ?

ಸುಳಿವು: ಮೊದಲ ಷೆಡ್ಯೂಲ್ ಮೊದಲ ಪಾರ್ಟ್‌ನ ಎಂಟನೇ ಕ್ಲಾಜ್‌ನಿಂದ ಶುರು ಮಾಡಿ. ಆಮೇಲೆ ಕವರ್, ಆಮೇಲೆ ಹಳೆ ದಿನಾಂಕದ ಪತ್ರ. ಕೇಸ್ ಬೋರ್ಡಿನಿಂದ ಕಮಿಟಿಗೆ ಎಲ್ಲಿ ಜಿಗಿಯುತ್ತದೆ ಅನ್ನುವುದನ್ನು ಗುರುತಿಸಿ ಬರೆದ ಮೇಲೆಯೇ ದೂರು ವಾಪಸಿನ ಪ್ರಶ್ನೆಗೆ ಬನ್ನಿ.