ಓಮ್ ಬರೆದಿದ್ದ ‘ಬಿ’ ಎಲ್ಲಿ ಹೋಯಿತು?

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವಾಟ್. ಇಷ್ಟು ಸಲೀಸಾದ ಲೆಕ್ಕ ಸುಮಾರು ಇನ್ನೂರು ವರ್ಷಗಳ ಮೇಲೂ ಜಗಳ ಹಚ್ಚುತ್ತಲೇ ಇದೆ. ಒಂದೇ ಮೋಟರಿಗೆ ಒಬ್ಬರು 1150 ಎನ್ನುತ್ತಾರೆ, ಇನ್ನೊಬ್ಬರು 862, ಮತ್ತೊಬ್ಬರು 100. ಯಾರ ಗುಣಾಕಾರವೂ ತಪ್ಪಿಲ್ಲ. ಸೂತ್ರದ ಜೊತೆಗೇ ಹುಟ್ಟಿದ್ದ ಷರತ್ತುಗಳು ದಾರಿಯಲ್ಲಿ ಒಂದೊಂದಾಗಿ ಉದುರಿಹೋಗಿವೆ, ಅಷ್ಟೇ.

1825ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಮೇಷ್ಟರಾಗಿದ್ದ ಗೆಯೋರ್ಗ್ ಓಮ್ ಅವರ ಮೊದಲ ಪ್ರಯೋಗ ಕೈಕೊಟ್ಟಿತು. ಅಳೆಯುತ್ತಿದ್ದಂತೆ ಅಂದಿನ ಬ್ಯಾಟರಿಯೇ ಸೊರಗುತ್ತಿತ್ತು. ಭೌತವಿಜ್ಞಾನಿ ಪೊಗೆನ್‌ಡಾರ್ಫ್ ಕೊಟ್ಟ ಸಲಹೆಯಂತೆ ಅವರು ಬಿಸ್ಮತ್ ಮತ್ತು ತಾಮ್ರದ ಜೋಡಿಗೆ ಬದಲಾದರು; ಎರಡು ಲೋಹಗಳ ಸಂಧಿಗಳ ಬಿಸಿ ಬೇರೆಬೇರೆಯಾಗಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ಒಂದು ಸಂಧಿ ಕುದಿಯುವ ನೀರಿನ ಬಿಸಿಯಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡರ ನಡುವಿನ ಉಷ್ಣತೆಯ ಅಂತರ ಕದಲುವುದಿಲ್ಲ, ಹಾಗಾಗಿ ವೋಲ್ಟೇಜೂ ಕದಲುವುದಿಲ್ಲ. ಒಂದೇ ದಪ್ಪದ, ಬೇರೆಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಸೇರಿಸಿ, ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗುತ್ತದೆಂದು ನೋಡಿದರು. 1826ರಲ್ಲಿ ಸಿಕ್ಕಿದ ಸಮೀಕರಣ ಹೀಗಿತ್ತು: ಕರೆಂಟ್ = ಎ ÷ (ಬಿ + ತಂತಿಯ ಉದ್ದ). ಎ ಅಂದರೆ ಮೂಲದ ಬಲ. ಬಿ ಅಂದರೆ ಆ ತಂತಿಯನ್ನು ಬಿಟ್ಟು ಸರ್ಕ್ಯೂಟಿನಲ್ಲಿ ಉಳಿದ ಎಲ್ಲದರ ರೋಧ.

ಮುಂದಿನದು ಬೇಗ ಬೇಗ ನಡೆಯಿತು. 1841ರಲ್ಲಿ ಓಮ್‌ಗೆ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು. ತಂತಿಯ ಬಿಸಿ ಕರೆಂಟಿನ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂದು ಜೂಲ್ ತೋರಿಸಿದ್ದೂ ಅದೇ ಹೊತ್ತಿಗೆ. 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್‌ಗಳನ್ನು ಒಪ್ಪಿತು, 1889ರದ್ದು ವಾಟ್ ಅನ್ನು. ಆಮೇಲೆ ಎಲ್ಲವೂ ವೋಲ್ಟೇಜ್, ಕರೆಂಟ್, ರೋಧಗಳ ಲೆಕ್ಕ ನೆನಪಿಡಲು ಬರೆಯುವ ಒಂದು ತ್ರಿಕೋನದೊಳಗೆ ಅಡಕವಾಯಿತು. ತ್ರಿಕೋನದಲ್ಲಿ ಜಾಗ ಇರುವುದು ಮೂರು ಅಕ್ಷರಕ್ಕೆ ಮಾತ್ರ, ‘ಬಿ’ ಹೊರಗುಳಿಯಿತು.

ಹೊರಗುಳಿದದ್ದು ಮಾಯವಾಗಲಿಲ್ಲ. ಮಲ್ಟಿಮೀಟರಿನ ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದರೆ ಕಾಣುವ 0.2 ಅಥವಾ 0.3 ಓಮ್ ಆ ‘ಬಿ’ಯೇ. 0.1 ಓಮ್‌ನ ರೆಸಿಸ್ಟರನ್ನು ಹೀಗೆ ಅಳೆದರೆ ಮೂರು-ನಾಲ್ಕು ಪಟ್ಟು ಉತ್ತರ ಬರುತ್ತದೆ. ದಾರಿ ಇದೆ: ಬೇರೊಂದು ಜೊತೆ ತಂತಿಯಲ್ಲಿ 2 ಆಂಪಿಯರ್ ಹರಿಸಿ, ವೋಲ್ಟ್‌ಮೀಟರಿನ ಪ್ರೋಬ್‌ಗಳನ್ನು ರೆಸಿಸ್ಟರಿನ ಮೈಗೇ ಒತ್ತಿ ಹಿಡಿಯಬೇಕು. 0.2 ವೋಲ್ಟ್ ಬಂದರೆ ರೋಧ 0.1 ಓಮ್, ಬಿಸಿಯಾಗುವುದು 0.4 ವಾಟ್. ದೊಡ್ಡ ರೋಧದಲ್ಲಿ ತೊಂದರೆ ತಿರುಗುಮುರುಗು. 10 ಲಕ್ಷ ಓಮ್‌ಗೆ 10 ವೋಲ್ಟ್ ಕೊಟ್ಟಾಗ ಹರಿಯುವುದು 10 ಮೈಕ್ರೋಆಂಪಿಯರ್. ಪಕ್ಕದಲ್ಲಿ ಕೂತ 1 ಕೋಟಿ ಓಮ್‌ನ ವೋಲ್ಟ್‌ಮೀಟರೇ ಇನ್ನೊಂದು ಮೈಕ್ರೋಆಂಪಿಯರ್ ಎಳೆದುಕೊಳ್ಳುತ್ತದೆ. ಅದನ್ನೂ ಸೇರಿಸಿ ಅಳೆದರೆ ಉತ್ತರ 9.09 ಲಕ್ಷ.

ಉದುರಿದ ಎರಡನೇ ಷರತ್ತು ಉಷ್ಣತೆ. 230 ವೋಲ್ಟಿನ 60 ವಾಟ್ ತಂತಿಬಲ್ಬ್ ಉರಿಯುವಾಗ 0.26 ಆಂಪಿಯರ್ ಎಳೆಯುತ್ತದೆ. ರೋಧ ಸುಮಾರು 885 ಓಮ್. ಆರಿಸಿ ತಣ್ಣಗಾದ ಮೇಲೆ ಮೀಟರ್ ಹಿಡಿದರೆ 70ರ ಆಸುಪಾಸು. ಆ 70ನ್ನೇ ಸೂತ್ರಕ್ಕೆ ಕೊಟ್ಟರೆ 756 ವಾಟ್‌ನ ಬಲ್ಬ್ ಸಿಗುತ್ತದೆ! ವೋಲ್ಟೇಜ್ ಭಾಗಿಸು ಕರೆಂಟ್ ಎನ್ನುವುದು ಆ ಕ್ಷಣದ ರೋಧ. ಅದು ಸದಾ ಅಷ್ಟೇ ಇರುತ್ತದೆ ಎನ್ನುವುದು ಓಮ್ ನಿಯಮ, ಮತ್ತು ಅದು ಉಷ್ಣತೆ ಬದಲಾಗದಿದ್ದಾಗ ಮಾತ್ರ. ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿಕೊಡುವುದು ವಾಡಿಕೆಯಾಗಿದೆ, ಅನುಕೂಲವೇನೋ ಹೌದು.

ನಿಜವಾದ ಸಿಕ್ಕು ಬಿಗಿದದ್ದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ಬಂದಮೇಲೆ. ಬಲ್ಬು, ಹೀಟರುಗಳಷ್ಟೇ ಇದ್ದಾಗ ಹಳೆಯ ಗುಣಾಕಾರ ಸಾಕಾಗಿತ್ತು. 1888ರಲ್ಲಿ ಟೆಸ್ಲಾ ಅವರ ಇಂಡಕ್ಷನ್ ಮೋಟರಿಗೆ ಪೇಟೆಂಟ್ ಸಿಕ್ಕಿತು. ಮೋಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಎಳೆದುಕೊಂಡದ್ದರಲ್ಲಿ ಒಂದು ಪಾಲು ಕಾಂತಕ್ಷೇತ್ರ ಕಟ್ಟಲು ಹೋಗಿ, ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಲೈನಿಗೇ ವಾಪಸಾಗುತ್ತದೆ.

230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ, ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್‌ಗಳ ಗುಣಲಬ್ಧದಲ್ಲಿ ನಿಜಕ್ಕೂ ಬಳಕೆಯಾಗುವ ಪಾಲು) 0.75 ಇರುವ, ವೈಂಡಿಂಗ್ (ಒಳಗೆ ಸುತ್ತಿದ ತಂತಿ) ರೋಧ 4 ಓಮ್‌ನ ಮೋಟರನ್ನು ತೆಗೆದುಕೊಳ್ಳಿ. 230 × 5 = 1150; ಇದು ವಾಟ್ ಅಲ್ಲ, ವೋಲ್ಟ್-ಆಂಪಿಯರ್. ಜನರೇಟರ್ ಆರಿಸುವಾಗ ನೋಡಬೇಕಾದದ್ದು ಇದನ್ನು. ಅದಕ್ಕೆ 0.75 ಗುಣಿಸಿದರೆ 862 ವಾಟ್; ಮೋಟರ್ ನಿಜಕ್ಕೂ ತಿನ್ನುವುದು ಇಷ್ಟು. 5 × 5 × 4 = 100 ವಾಟ್; ಇದು ವೈಂಡಿಂಗ್‌ನಲ್ಲೇ ಬಿಸಿಯಾಗಿ ಹೋಗುವ ಪಾಲು. ಮೂರೂ ಸರಿ, ಮೂರೂ ಬೇರೆ ಪ್ರಶ್ನೆಗಳಿಗೆ. ತಪ್ಪು ನಾಲ್ಕನೆಯದು: 230ರ ವರ್ಗವನ್ನು ಆ 4ರಿಂದ ಭಾಗಿಸಿ ಬರುವ 13,225. ಆ 4 ಓಮ್ ಡಿಸಿಗೆ, ಅಂದರೆ ಒಂದೇ ದಿಕ್ಕಿನ ಕರೆಂಟಿಗೆ, ಸಲ್ಲುವ ರೋಧ. ಎಸಿಯಲ್ಲಿ ಓಡುವಾಗ ಲೈನಿಗೆ ಕಾಣುವುದು 230 ÷ 5 ಅಂದರೆ 46 ಓಮ್, ಅದರ ಹೆಸರೇ ಬೇರೆ, ಇಂಪೀಡನ್ಸ್.

ಎಲೆಕ್ಟ್ರಾನಿಕ್ ಲೋಡ್‌ಗಳು ಇದಕ್ಕೆ ಇನ್ನೊಂದು ಗಂಟು ಹಾಕಿದವು. ಎಲ್‌ಇಡಿ ಬಲ್ಬಿನ ಡ್ರೈವರ್, ಚಾರ್ಜರುಗಳು ವೋಲ್ಟೇಜಿನ ತುದಿಯಲ್ಲಷ್ಟೇ ಕರೆಂಟನ್ನು ಗುಟುಕರಿಸುತ್ತವೆ. ಸರಾಸರಿ ತೆಗೆದು 1.11ರಿಂದ ಗುಣಿಸುವ ಅಗ್ಗದ ಮೀಟರ್ ಇಲ್ಲಿ ಕಡಿಮೆ ತೋರಿಸುತ್ತದೆ. ಅಲೆಯ ಆಕಾರ ಹೇಗಿದ್ದರೂ ಅಳೆಯಬಲ್ಲ ಟ್ರೂ ಆರ್‌ಎಂಎಸ್ ಮೀಟರ್ ಕರೆಂಟನ್ನು ಸರಿಯಾಗಿ ಹೇಳಿದರೂ ವಾಟ್ ಹೇಳದು. 9 ವಾಟ್ ಬಲ್ಬಿನ ಪವರ್ ಫ್ಯಾಕ್ಟರ್ 0.5 ಇದ್ದರೆ ಗುಣಾಕಾರದಲ್ಲಿ ಬರುವುದು 18.

ಕ್ಷಣಕ್ಷಣಕ್ಕೂ ಗುಣಿಸಿ ಕೂಡಿಸುವ ಯಂತ್ರ ಗೋಡೆಯ ಮೇಲೇ ಇರುತ್ತದೆ. ಎನರ್ಜಿ ಮೀಟರಿನ ಮುಖದಲ್ಲಿ ಒಂದು ಯೂನಿಟ್ಟಿಗೆ 3200 ಇಂಪಲ್ಸ್ ಎಂದು ಬರೆದಿದ್ದರೆ, ಕೆಂಪು ದೀಪದ ಒಂದು ಮಿಣುಕಿಗೆ 1125 ಜೂಲ್. ಬೇರೆಲ್ಲವನ್ನೂ ಆರಿಸಿ ಆ ಮೋಟರ್ ಒಂದನ್ನೇ ಓಡಿಸಿ, ಒಂದು ಮಿಣುಕನ್ನು ಸೊನ್ನೆ ಎಂದು ಹಿಡಿದು ಹತ್ತರವರೆಗೆ ಎಣಿಸಿದರೆ 13 ಸೆಕೆಂಡು ಹಿಡಿಯುತ್ತದೆ. 11,250 ÷ 13 = 865, ಮೋಟರ್ ತಿನ್ನುವ ಆ 862 ವಾಟ್‌ಗೆ ಹತ್ತಿರವೇ.