ಪದ ಪರಿಚಯ: ಆಕಸ್ಮಿಕ ಗ್ಲುಟೆನ್ ಸೇವನೆ

ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನುಗಳ ಗುಂಪನ್ನು ಗ್ಲುಟೆನ್ ಎಂದು ಕರೆಯುತ್ತಾರೆ. ಚಪಾತಿ ಹಿಟ್ಟು ನಾದಿದಷ್ಟೂ ಹದವಾಗಿ ಹಿಗ್ಗುವುದು, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಸುತ್ತಿಕೊಳ್ಳುವುದು ಇದರಿಂದಲೇ. ಈ ಪ್ರೋಟೀನು ದೇಹಕ್ಕೆ ಒಗ್ಗದೆ, ವೈದ್ಯರ ಸಲಹೆಯ ಮೇರೆಗೆ ಗೋಧಿಯನ್ನು ಪೂರ್ತಿ ಬಿಟ್ಟವರೂ ಯಾವುದೋ ತಿನಿಸಿನೊಡನೆ ತಮಗೆ ಅರಿವಿಲ್ಲದೆ ಅದನ್ನು ತಿಂದುಬಿಡುವುದುಂಟು. ಅದಕ್ಕೆ ಆಕಸ್ಮಿಕ ಗ್ಲುಟೆನ್ ಸೇವನೆ ಎಂದು ಹೆಸರು. ಗೊತ್ತಿದ್ದೂ ಆಸೆಗೆ ಬಿದ್ದು ತಿನ್ನುವುದು ಇದರಲ್ಲಿ ಸೇರುವುದಿಲ್ಲ. ಆದರೆ ಕರುಳು ಅಂಥ ಭೇದವನ್ನೇನೂ ಮಾಡುವುದಿಲ್ಲ.

ಗ್ಲುಟೆನ್ ಒಗ್ಗದಿರುವಿಕೆ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಹೋಗಿವೆ. ಮೊದಲನೆಯದು ಸೀಲಿಯಾಕ್ ಕಾಯಿಲೆ. ಇದರಲ್ಲಿ ಗ್ಲುಟೆನ್ ಒಳಹೊಕ್ಕಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬಿದ್ದು, ಆಹಾರದ ಸಾರವನ್ನು ಹೀರಿಕೊಳ್ಳುವ ಬೆರಳಿನಾಕಾರದ ಸೂಕ್ಷ್ಮ ರಚನೆಗಳನ್ನು ಸವೆಸುತ್ತದೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಖಚಿತವಾಗಿ ತೋರಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1950ರಲ್ಲಿ ಅವರು ಸಲ್ಲಿಸಿದ ಮಹಾಪ್ರಬಂಧದ ವಿಷಯವೇ ಇದಾಗಿತ್ತು. ಎರಡನೆಯದು ಗೋಧಿಯ ಅಲರ್ಜಿ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಮೈಮೇಲೆ ದದ್ದು, ತುಟಿ ಊತ, ಉಬ್ಬಸ ಕಾಣಿಸಿಕೊಂಡು, ಅಪರೂಪಕ್ಕೆ ಪ್ರಾಣಕ್ಕೂ ಸಂಚಕಾರ ತರಬಲ್ಲದು. ಮೂರನೆಯದರಲ್ಲಿ ರಕ್ತಪರೀಕ್ಷೆಯಲ್ಲಾಗಲಿ ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಾಗಲಿ ಏನೂ ಸಿಗುವುದಿಲ್ಲ, ಆದರೂ ಗೋಧಿ ತಿಂದಾಗಲೆಲ್ಲ ಹೊಟ್ಟೆ ಕೆಡುತ್ತದೆ. ಇದನ್ನು ಸೀಲಿಯಾಕ್ ಅಲ್ಲದ ಗ್ಲುಟೆನ್ ಸಂವೇದನೆ ಎನ್ನುತ್ತಾರೆ. ಆಕಸ್ಮಿಕವಾಗಿ ತಿಂದ ಒಂದು ತುತ್ತು ಅಲರ್ಜಿಯವರಿಗೆ ತುರ್ತು ಸ್ಥಿತಿ, ಸೀಲಿಯಾಕ್‌ನವರಿಗೆ ಕರುಳಿನ ಗಾಯ, ಮೂರನೆಯವರಿಗೆ ಕೆಲವು ದಿನಗಳ ಸಂಕಟ. ಆದ್ದರಿಂದ ತನಗಿರುವುದು ಯಾವುದು ಎಂಬುದನ್ನು ಗೋಧಿ ಬಿಡುವ ಮೊದಲೇ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬೇಕು. ಬಿಟ್ಟ ಮೇಲೆ ಮಾಡಿಸಿದರೆ ಸೀಲಿಯಾಕ್ ಇದ್ದರೂ ಫಲಿತಾಂಶ ಇಲ್ಲವೆಂದೇ ಬರಬಹುದು.

ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಇದು ದೂರದ ಊರಿನ ಕಾಯಿಲೆಯಂತೆ ಕೇಳಿಸುವುದು ಸಹಜ. ಜೋಳದ ರೊಟ್ಟಿ, ರಾಗಿ ಮುದ್ದೆ, ನವಣೆ, ಅನ್ನ, ಮಂಡಕ್ಕಿ ಇವುಗಳಲ್ಲಿ ಯಾವುದರಲ್ಲೂ ಗ್ಲುಟೆನ್ ಇಲ್ಲ. 2016ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು (ರೋಗನಿರೋಧಕ ವ್ಯವಸ್ಥೆ ರಕ್ತದಲ್ಲಿ ಉಂಟುಮಾಡುವ ಪ್ರೋಟೀನುಗಳು) ಉತ್ತರ ಭಾರತದಲ್ಲಿ ಶೇ. 1.23 ಮಂದಿಯಲ್ಲಿ ಕಂಡರೆ ದಕ್ಷಿಣದಲ್ಲಿ ಶೇ. 0.10ರಷ್ಟು ಮಂದಿಯಲ್ಲಿ ಮಾತ್ರ ಕಂಡವು. ಕಾಯಿಲೆಗೆ ಬೇಕಾದ ಆನುವಂಶಿಕ ಗುಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದು, ತಿನ್ನುವ ಗೋಧಿಯ ಪ್ರಮಾಣದಲ್ಲಿ ಮಾತ್ರ ಅಜಗಜಾಂತರವಿತ್ತು. ಇಲ್ಲಿ ರೋಗಿಗಳು ಕಡಿಮೆ ಎಂಬುದು ಒಳ್ಳೆಯ ಸುದ್ದಿಯೇ. ಆದರೆ ರೋಗಿಗಳು ಕಡಿಮೆಯಾದಷ್ಟೂ ಅದರ ತಿಳಿವಳಿಕೆಯೂ ಕಡಿಮೆ. ಗೋಧಿ ತಿನ್ನಬಾರದು ಎಂದರೆ ನಮ್ಮ ಜನ ಚಪಾತಿ ಬಿಟ್ಟು ಬೇರೆ ಬಡಿಸುತ್ತಾರೆ. ಉಪ್ಪಿಟ್ಟಿನ ರವೆ, ಶಾವಿಗೆ, ಕೇಸರಿಬಾತು, ಚಿರೋಟಿ ಇವೆಲ್ಲವೂ ಗೋಧಿಯೇ ಎಂಬುದು ಬಡಿಸುವವರಿಗೆ ಹೊಳೆಯುವುದೇ ಇಲ್ಲ.

ಎಷ್ಟು ತಿಂದರೆ ತೊಂದರೆ ಎಂಬ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರಿಸುವುದು ಮೇಲು. ಸೀಲಿಯಾಕ್ ಇರುವವರು ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ತಿನ್ನುತ್ತ ಹೋದರೆ ಮೂರು ತಿಂಗಳಲ್ಲಿ ಕರುಳಿಗೆ ಹಾನಿಯಾಗುತ್ತದೆ ಎಂದು ಕಂಡುಬಂದಿದೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಬಹುಪಾಲು ಮಂದಿಗೆ ಹಾನಿಯಿಲ್ಲ ಎಂದು ತಜ್ಞರು ಭಾವಿಸುತ್ತಾರೆ. ಗೋಧಿ ಹಿಟ್ಟಿನ ತೂಕದಲ್ಲಿ ನೂರಕ್ಕೆ ಎಂಟರಿಂದ ಹತ್ತು ಪಾಲು ಗ್ಲುಟೆನ್ ಇರುವುದರಿಂದ, ಆ 10 ಮಿಲಿಗ್ರಾಂ ಎಂದರೆ ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಹಿಟ್ಟು, ಬೆರಳಿಗೆ ಅಂಟಿಕೊಳ್ಳುವಷ್ಟು. ಒಂದು ಸಾಧಾರಣ ಚಪಾತಿಯಲ್ಲಿ ಇದರ ಇನ್ನೂರು ಪಟ್ಟಿಗಿಂತಲೂ ಹೆಚ್ಚು ಗ್ಲುಟೆನ್ ಇರುತ್ತದೆ. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಿರಬಾರದು ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವೂ ಹೇಳುತ್ತವೆ. ಬೇಯಿಸಿದರೆ, ಕರಿದರೆ, ಸುಟ್ಟರೆ ಗ್ಲುಟೆನ್ ನಾಶವಾಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. "ಬೆಂಕಿ ಮುಟ್ಟಿದ ಮೇಲೆ ಏನೂ ಇರಲ್ಲ ಬಿಡ್ರಿ" ಎನ್ನುವವರು ಬಹಳ.

ನಮ್ಮ ಸೀಮೆಯಲ್ಲಿ ಕಣ್ಣಿಗೆ ಕಾಣುವ ಗೋಧಿಗಿಂತ ಕಾಣದ ಬೆರಕೆಯೇ ದೊಡ್ಡ ತೊಡಕು, ಮತ್ತು ಅದರ ಮುಖ್ಯ ತಾಣ ಹಿಟ್ಟಿನ ಗಿರಣಿ. ಗಿರಣಿಯಲ್ಲಿ ಖಾರದಪುಡಿಗೆ ಬೇರೆ ಯಂತ್ರವೇ ಇರುತ್ತದೆ, ಏಕೆಂದರೆ ಹಿಟ್ಟಿನಲ್ಲಿ ಖಾರ ಬೆರೆತರೆ ಯಾರೂ ಸುಮ್ಮನಿರುವುದಿಲ್ಲ. ಜೋಳ, ರಾಗಿ, ಗೋಧಿಗಳು ಮಾತ್ರ ಸರದಿಯ ಪ್ರಕಾರ ಅದೇ ಕಲ್ಲಿನಡಿ ಹಾಯುತ್ತವೆ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಗಮನಿಸಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಒಬ್ಬರ ಗೋಧಿ ಮುಗಿದ ಮೇಲೂ ಅದರ ಮಡಿಕೆಗಳಲ್ಲಿ ಹಿಟ್ಟು ನಿಂತಿರುತ್ತದೆ, ಮುಂದಿನವರ ಜೋಳ ಬೀಳುವಾಗ ಗಿರಣಿಯವರು ತೋಳನ್ನು ಬಡಿಯುತ್ತಾರೆ, ಆ ಗೋಧಿ ಹಿಟ್ಟು ಜೋಳದ ಡಬ್ಬಿಗೆ ಉದುರುತ್ತದೆ. ಬೆಳಿಗ್ಗೆ ಮೊದಲ ಸರದಿ ಹಿಡಿದರೂ ಹಿಂದಿನ ದಿನದ ಉಳಿಕೆ ಕಲ್ಲಿನಲ್ಲಿರುತ್ತದೆ. ಸೀಲಿಯಾಕ್ ಇರುವ ಮನೆಯಲ್ಲಿ ಚಿಕ್ಕ ಮನೆಗಿರಣಿಯೊಂದನ್ನು ಇಟ್ಟುಕೊಂಡು ಅದಕ್ಕೆ ಗೋಧಿ ಹಾಕದಿರುವುದೇ ನೆಚ್ಚಿಕೊಳ್ಳಬಹುದಾದ ದಾರಿ. ಅದಕ್ಕೂ ಮೊದಲು ಅಂಗಡಿಯಿಂದ ತಂದ ಜೋಳವನ್ನು ಮೊರದಲ್ಲಿ ಹಾಕಿ ಹಸನು ಮಾಡುವಾಗ ಕಲ್ಲು, ಕಡ್ಡಿಗಳ ಜೊತೆ ಗೋಧಿ ಕಾಳನ್ನೂ ಆರಿಸಬೇಕಾಗುತ್ತದೆ. ಅಡುಗೆಮನೆಯಲ್ಲಿ ಹಿಟ್ಟಿನ ಜರಡಿ, ಲಟ್ಟಣಿಗೆ, ಮಣೆ ಇವು ಬೇರೆಯಾಗಿಯೇ ಇರಬೇಕು. ಜರಡಿಯ ಕಣ್ಣಿನಲ್ಲೂ ಮರದ ಬಿರುಕಿನಲ್ಲೂ ಸೇರಿಕೊಂಡ ಹಿಟ್ಟು ತೊಳೆದರೂ ಸುಲಭವಾಗಿ ಬಿಡುವುದಿಲ್ಲ. ಸ್ಟೀಲಿನ ಪಾತ್ರೆಗಳಿಗೆ ಈ ಚಿಂತೆಯಿಲ್ಲ, ಸೋಪು ಹಾಕಿ ಉಜ್ಜಿದರೆ ಸಾಕು.

ಹೊರಗಡೆ ತಿನ್ನುವಾಗ ಖಾನಾವಳಿಯ ಹಂಚು, ದೋಸೆ ಹೋಟೆಲಿನ ಕಾವಲಿ, ಮಿರ್ಚಿ ಅಂಗಡಿಯ ಬಾಣಲೆ ಇವು ಮೂರನ್ನೂ ಕೇಳಿ ತಿಳಿಯಬೇಕು. ಜೋಳದ ರೊಟ್ಟಿ ಬೇಯಿಸಿದ ಹಂಚಿನ ಮೇಲೆಯೇ ಚಪಾತಿಯೂ ಬೇಯುತ್ತದೆ, ಕೆಲವೆಡೆ ರೊಟ್ಟಿ ಸೀಳಬಾರದೆಂದು ಜೋಳದ ಹಿಟ್ಟಿಗೇ ಒಂದು ಹಿಡಿ ಗೋಧಿ ಹಿಟ್ಟು ಬೆರೆಸುವುದೂ ಉಂಟು. ಬೆಣ್ಣೆ ದೋಸೆಯ ಮೂಲ ಹಿಟ್ಟು ಅಕ್ಕಿ, ಉದ್ದು, ಮಂಡಕ್ಕಿಯದಾದರೂ ಬಣ್ಣಕ್ಕೆಂದು ಮೈದಾ ಸೇರಿಸುವವರಿದ್ದಾರೆ, ಅದೇ ಕಾವಲಿಯ ಮೇಲೆ ರವೆ ದೋಸೆಯನ್ನೂ ಹೊಯ್ಯುತ್ತಾರೆ. ಮಿರ್ಚಿಗೆ ಬಳಸುವುದು ಕಡಲೆ ಹಿಟ್ಟು. ಆದರೆ ಅದೇ ಎಣ್ಣೆಯಲ್ಲಿ ಮೈದಾ ಲೇಪದ ಗೋಬಿಯನ್ನು ಕರಿದಿದ್ದರೆ ಫಲವೇನು ಎಂಬುದನ್ನು ಹೇಳಬೇಕಾಗಿಲ್ಲ. "ಅಕ್ಕಾರೆ, ಇದೇ ಹಂಚಿನಾಗ ಚಪಾತಿನೂ ಸುಡ್ತೀರೇನ್ರಿ?" ಎಂದು ನೇರವಾಗಿ ಕೇಳಿದರೆ ಖಾನಾವಳಿಯವರು ನೇರವಾಗಿಯೇ ಉತ್ತರಿಸುತ್ತಾರೆ, ಗ್ಲುಟೆನ್ ಇದೆಯೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ, ಅದು ಸುಳ್ಳು ಹೇಳಿದ್ದಲ್ಲ, ಪ್ರಶ್ನೆ ತಲುಪದಿದ್ದುದು. ಇನ್ನು ಇಂಗು. ಮಾರುಕಟ್ಟೆಯಲ್ಲಿ ಸಿಗುವ ಕೂಟಿಂಗಿನಲ್ಲಿ, ಅಂದರೆ ಹಿಟ್ಟು ಬೆರೆಸಿದ ಇಂಗಿನಲ್ಲಿ, ಬಹುಪಾಲು ಗೋಧಿ ಹಿಟ್ಟು ಅಥವಾ ಮೈದಾವೇ ಇರುತ್ತದೆ, ಆದ್ದರಿಂದ ಸಾರು, ಉಪ್ಪಿನಕಾಯಿ, ಚಟ್ನಿಪುಡಿಗಳ ಮೂಲಕ ದಿನವೂ ಒಂದಿಷ್ಟು ಒಳಹೋಗಬಹುದು. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಆರಿಸಿಕೊಳ್ಳಬಹುದು.

ಜಾತ್ರೆ, ದಾಸೋಹ, ಮದುವೆಗಳ ವಿಷಯ ಸ್ವಲ್ಪ ಸೂಕ್ಷ್ಮವಾದುದು. ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸಿದ ಸೌಟೇ ಮುಂದೆ ಅನ್ನಕ್ಕೂ ಇಳಿಯಬಹುದು, ಪ್ರಸಾದವನ್ನು ಬೇಡವೆನ್ನಲು ಬಾಯಿ ಬರುವುದಿಲ್ಲ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲವೆಂದೇ ಈ ಲೇಖಕರ ಅಭಿಪ್ರಾಯ. ಪಂಕ್ತಿ ಶುರುವಾಗುವ ಮೊದಲೇ ಅಡುಗೆಯವರನ್ನು ಕಂಡು, ಕೈಹಾಕದ ಪಾತ್ರೆಯಿಂದ ಅನ್ನ, ಮೊಸರು ತೆಗೆಸಿಟ್ಟುಕೊಳ್ಳುವುದೂ ಆಗುವ ಮಾತೇ.

ಇಷ್ಟಾದ ಮೇಲೂ ಒಂದಲ್ಲ ಒಂದು ದಿನ ತಪ್ಪಿ ತಿಂದೇಬಿಡುತ್ತಾರೆ. ಸೀಲಿಯಾಕ್ ಇರುವವರಲ್ಲಿ ಗ್ಲುಟೆನ್ ಒಳಹೊಕ್ಕ ಎರಡರಿಂದ ನಾಲ್ಕು ಗಂಟೆಗಳೊಳಗೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-2 ಎಂಬ, ರೋಗನಿರೋಧಕ ಕಣಗಳು ಹೊರಬಿಡುವ ಸಂಕೇತಕ ಏರುತ್ತದೆ, ಅದೇ ಹೊತ್ತಿಗೆ ವಾಕರಿಕೆ, ವಾಂತಿ ಕಾಣಿಸಿಕೊಳ್ಳಬಹುದು. ಹೊಟ್ಟೆಯುಬ್ಬರ, ನುಲಿತ, ಭೇದಿ, ತಲೆನೋವು, ಮಂಕು ಕವಿದಂತಾಗುವುದು, ಎದ್ದು ನಿಲ್ಲಲೂ ಆಗದಷ್ಟು ಸುಸ್ತು ಇವು ಅಂದೋ ಮರುದಿನವೋ ಬರುತ್ತವೆ, ಕೆಲವರಲ್ಲಿ ಕೆಲವೇ ಗಂಟೆ, ಕೆಲವರಲ್ಲಿ ಹಲವು ದಿನ ಇರುತ್ತವೆ. ಏನೂ ಆಗದವರೂ ಇದ್ದಾರೆ. ಆದರೆ ಲಕ್ಷಣವಿಲ್ಲವೆಂದ ಮಾತ್ರಕ್ಕೆ ಕರುಳಿಗೆ ಪೆಟ್ಟಿಲ್ಲವೆಂದು ಅರ್ಥವಲ್ಲ.

ಒಳಗೆ ಹೋದ ಗ್ಲುಟೆನ್ನನ್ನು ಹೊರತೆಗೆಯುವ ಮದ್ದು ಇಲ್ಲ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದರಿಂದ ಪ್ರಯೋಜನಕ್ಕಿಂತ ಕೇಡೇ ಹೆಚ್ಚು. ಗ್ಲುಟೆನ್ ಕರಗಿಸುತ್ತವೆಂದು ಮಾರುವ ಕಿಣ್ವದ ಮಾತ್ರೆಗಳು ಸೀಲಿಯಾಕ್‌ನವರನ್ನು ಕಾಪಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ, ಇದ್ದಿಲಿನ ಮಾತ್ರೆಯೋ ದಿನನಿತ್ಯ ನುಂಗುವ ಬೇರೆ ಔಷಧಗಳನ್ನೂ ಹೀರಿಬಿಡುತ್ತದೆ. ಉಳಿಯುವುದು ದೇಹ ತಾನಾಗಿ ಸುಧಾರಿಸಿಕೊಳ್ಳುವವರೆಗೆ ಅದಕ್ಕೆ ಆಸರೆ ಕೊಡುವ ಕೆಲಸ. ವಾಂತಿ, ಭೇದಿಗೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಯಬೇಕು, ಎಳನೀರೂ ಆದೀತು. ಹಸಿವಾದಾಗ ಅಕ್ಕಿ ಗಂಜಿ, ಮೆತ್ತನೆಯ ಅನ್ನ, ಹೆಸರುಬೇಳೆ ಕಟ್ಟು, ಬಾಳೆಹಣ್ಣು ಸಾಕು. ಕರುಳಿನ ಒಳಪದರ ಸವೆದಿರುವಾಗ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವೂ ಕುಗ್ಗಿರಬಹುದಾದ್ದರಿಂದ ಹಾಲನ್ನು ಒಂದೆರಡು ದಿನ ಬಿಡುವುದು ಒಳ್ಳೆಯದು, ತಿಳಿ ಮಜ್ಜಿಗೆ ಒಗ್ಗಿದರೆ ಕುಡಿಯಬಹುದು. ನಾರು ಹೆಚ್ಚಿರುವ ರಾಗಿ, ನವಣೆಗಳನ್ನು ಹೊಟ್ಟೆ ತಿಳಿಯಾದ ಮೇಲೆ ಮತ್ತೆ ಶುರುಮಾಡಿದರಾಯಿತು. ಎಲ್ಲಕ್ಕಿಂತ ಕಷ್ಟದ್ದು ವಿಶ್ರಾಂತಿ. ಹೊಲಗೆಲಸ, ಅಂಗಡಿ ಕೆಲಸದವರಿಗೆ ಜ್ವರವೂ ಇಲ್ಲದ ಈ ಸುಸ್ತನ್ನು ಮನೆಯವರಿಗೆ ವಿವರಿಸುವುದೇ ಒಂದು ದೊಡ್ಡ ಕೆಲಸವಾಗುತ್ತದೆ.

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಜ್ವರ, ತಡೆಯಲಾಗದ ಹೊಟ್ಟೆನೋವು ಇವುಗಳಲ್ಲಿ ಯಾವುದು ಕಂಡರೂ ಗ್ಲುಟೆನ್ನಿನ ಮೇಲೆ ಭಾರ ಹಾಕಿ ಕೂರದೆ ವೈದ್ಯರನ್ನು ಕಾಣಬೇಕು, ಕಾರಣ ಬೇರೆಯೇ ಇರಬಹುದು. ಉಸಿರಾಟ ಕಷ್ಟವಾದರೆ, ನಾಲಿಗೆ ಅಥವಾ ಗಂಟಲು ಊದಿದರೆ ಅದು ಅಲರ್ಜಿ. ಆ ಕ್ಷಣವೇ 108ಕ್ಕೆ ಕರೆಮಾಡಬೇಕು.

ಹೊಟ್ಟೆ ಸರಿಯಾದ ಮೇಲೆ ಹಿಂದಿನ ಒಂದೆರಡು ದಿನ ಎಲ್ಲೆಲ್ಲಿ ಏನೇನು ತಿಂದೆವು ಎಂಬುದನ್ನು ಬರೆದಿಟ್ಟರೆ ಮೂಲವನ್ನು ಹಿಡಿಯಲು ಅನುಕೂಲ. ಒಂದು ಸಲ ತಪ್ಪಿ ತಿಂದದ್ದು ಸೀಲಿಯಾಕ್ ಪ್ರತಿಕಾಯವನ್ನು ಅಳೆಯುವ ರಕ್ತದ ಟಿಟಿಜಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಆದ್ದರಿಂದ ಮರುದಿನವೇ ಪ್ರಯೋಗಾಲಯಕ್ಕೆ ಓಡುವುದು ದುಡ್ಡಿಗೆ ದಂಡ. ವೈದ್ಯರು ಹೇಳಿದ ಅವಧಿಗೆ ಮಾಡಿಸುವ ಪರೀಕ್ಷೆಯಲ್ಲಿ ಆ ಅಂಕಿ ಇಳಿಯದೆ ನಿಂತಿದ್ದರೆ ಮಾತ್ರ, ಎಲ್ಲೋ ದಿನವೂ ಸ್ವಲ್ಪ ಸ್ವಲ್ಪ ಬೆರೆಯುತ್ತಿದೆ ಎಂದು ಶಂಕಿಸಿ ಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತಪಾಸಣೆ ಮಾಡಬೇಕಾಗುತ್ತದೆ.